ಆಗಿಹೋದದ್ದಕ್ಕೆ ಬೇಡುವುದು

ಇಪ್ಪತ್ತನೇ ವಾರದ ಸ್ಕ್ಯಾನಿಂಗಿಗೆ ಹೋದ ದಿನ ಕೂಸು ಬೆನ್ನು ತಿರುಗಿಸಿ ಮಲಗಿತ್ತು. ಡಾಕ್ಟರು ನನ್ನನ್ನು ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು, ಹೊರಗೆ ಹತ್ತು ನಿಮಿಷ ಅಡ್ಡಾಡಿ ಬರಲು ಹೇಳಿ ಮತ್ತೆ ನೋಡಿದರು. ತಲೆ, ಬೆನ್ನೆಲುಬು, ಎರಡೂ ಕಿಡ್ನಿ, ತೊಡೆಯ ಎಲುಬು ಅಳತೆಗೆ ಸಿಕ್ಕವು. ಹೃದಯ ಸಿಗಲಿಲ್ಲ. ಬಡಿತವೇನೋ ಕೇಳಿಸಿತು, ನಿಮಿಷಕ್ಕೆ 148. ಆದರೆ ನಾಲ್ಕು ಕೋಣೆಗಳು ಸ್ಪಷ್ಟವಾಗಿ ಕಾಣಲಿಲ್ಲ. "ಗಾಬರಿ ಆಗಬ್ಯಾಡ್ರಿ, ಒಂದ್ ವಾರ ಬಿಟ್ಟು ಬರ್ರಿ, ಆಗ ತಿರುಗಿರ್ತದ," ಅಂದರು. ತಾಯಿ ಕಾರ್ಡಿನ ಕವರಿಗೆ ವರದಿ ತುರುಕಿಕೊಂಡು ಮನೆಗೆ ಬಂದೆವು. ದಾರಿಯುದ್ದಕ್ಕೂ ನಾನೂ ಮಾತಾಡಲಿಲ್ಲ, ಇವರೂ ಮಾತಾಡಲಿಲ್ಲ.

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಬೋರ್ಡಿನ ಮೇಲೆ ಕೆಂಪು, ನೀಲಿ ಚಾಕ್‌ಪೀಸಿನಿಂದ ಹೃದಯದ ಚಿತ್ರ ಬಿಡಿಸುತ್ತೇನೆ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಗರ್ಭದಲ್ಲಿ ಆರನೇ ವಾರದ ಹೊತ್ತಿಗೆ ಮಿಡಿತ ಶುರುವಾಗುತ್ತದೆ, ಹತ್ತನೇ ವಾರ ದಾಟುವಷ್ಟರಲ್ಲಿ ನಾಲ್ಕೂ ಕೋಣೆ ಕಟ್ಟಿ ಮುಗಿದಿರುತ್ತವೆ ಎಂಬುದು ನನಗೆ ಗೊತ್ತು. ಆ ವಾರಗಳಲ್ಲಿ ನಾನು ಒಗ್ಗರಣೆಯ ವಾಸನೆಗೆ ಹೆದರಿ ಹಿತ್ತಲ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ವಾಂತಿ ನಿಂತರೆ ಸಾಕೆಂಬುದನ್ನು ಬಿಟ್ಟು ದೇವರ ಹತ್ತಿರ ಬೇರೆ ಏನನ್ನೂ ಕೇಳಿರಲಿಲ್ಲ. ಈಗ, ಕಟ್ಟುವ ಕೆಲಸ ಮುಗಿದು ಹತ್ತು ವಾರವಾದ ಮೇಲೆ, ರಾತ್ರಿ ಎರಡು ಗಂಟೆಗೆ ಎದ್ದು ಕೂತು "ಹೃದಯ ಸರಿ ಇರಲಪ್ಪಾ" ಅನ್ನುತ್ತಿದ್ದೆ.

ಆಗಿಹೋದದ್ದಕ್ಕೆ ಬೇಡುವುದೆಂದರೇನು? ಸರಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮತ್ತೆ ಹೋಗಬೇಕಾದ ಸೋಮವಾರ ಆ ಪರದೆಯ ಮೇಲೆ ಏನೂ ಹೊಸದಾಗಿ ನಡೆಯುವುದಿಲ್ಲ, ಇರುವುದು ಕಾಣುತ್ತದೆ ಅಷ್ಟೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಹಿಂದಿನ ದಿನ ನಮ್ಮ ಮಕ್ಕಳು ನುಗ್ಗಿಕೇರಿ ಹನುಮಪ್ಪನ ಗುಡಿಗೆ ಹೋಗುತ್ತಾರೆ. "ಬರೆದದ್ದು ಬರೆದಾಯ್ತು, ಅಂಕ ಹಾಕಿಯಾಯ್ತು, ಇನ್ನೇನು ಕೇಳ್ತೀರಿ?" ಎಂದು ನಾನೇ ಅವರಿಗೆ ಅಂದದ್ದುಂಟು. ಆ ಮಾತು ಅನ್ನಬಾರದಿತ್ತು. ಮುಂದಿನ ವರ್ಷ ಅನ್ನುವುದಿಲ್ಲ.

ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು ಅರ್ಧ ನಿಮಿಷ ಸುಮ್ಮನಿದ್ದು, "ಸವದತ್ತಿ ಎಲ್ಲಮ್ಮಗ ಹರಕಿ ಹೊತ್ತೇನಿ. ಕೂಸಿನ್ನ ಎತ್ತಿಕೊಂಡು ಗುಡ್ಡಾ ಹತ್ತತೇನಿ," ಅಂದಳು. ನನ್ನನ್ನು ಹೊತ್ತಾಗಲೂ ಹೀಗೇ ಹರಕೆ ಹೊತ್ತವಳು ಅವಳು. ಅವಳಿಗೆ ಹರಕೆಯೆಂದರೆ ಕೈಲಾದ ಕೆಲಸ. ನೂರು ಮೈಲಿ ಓಡಿ ಬಂದು ಮಗಳ ಹೊಟ್ಟೆಯೊಳಗೆ ಏನೂ ಮಾಡಲಾಗದ ತಾಯಿ, ಮೊಣಕಾಲು ನೋವಿನ ಕಾಲಿಗೇ ಒಂದು ಗುಡ್ಡದ ಕೆಲಸ ಹಚ್ಚಿದಳು. ಅದನ್ನು ವ್ಯಾಪಾರ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನ ಪ್ರಶ್ನೆಯನ್ನು ಕೇಳಿದ್ದು ಆಯಿಗೆ. ಆಯಿ ನನ್ನ ಗಂಡನ ಅಜ್ಜಿ, ಎಂಬತ್ತು ದಾಟಿದವರು. ಶಾಲೆಗೆ ಹೋದವರಲ್ಲ, ಆದರೆ ದಿನಾ ನಸುಕಿನಲ್ಲಿ ಮಿಂದು, ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ ಅರ್ಧ ತಾಸು ರೆಪ್ಪೆ ಮಿಟುಕುವುದೂ ಕಾಣುವುದಿಲ್ಲ. "ಆಯೀ, ಹೃದಯ ಆಗ್ಲೇ ಆಗಿಬಿಟ್ಟದ. ಈಗ ಬೇಡಿಕೊಂಡ್ರ ಏನ್ ಉಪಯೋಗ?" ಅಂದೆ. ಅವರು ಹತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ನಿನ್ನೆ ನಾಳೆ ಅನ್ನೂದು ನಮಗ, ಯವ್ವಾ. ಅಂವಗೆಲ್ಲೈತಿ?" ಅಂದರು.

ಆ ರಾತ್ರಿ ಈ ಮಾತು ನನ್ನನ್ನು ಮಲಗಿಸಿತು. ಕಾಲದ ಆಚೆ ಇರುವವನಿಗೆ ನನ್ನ ಇಪ್ಪತ್ತನೇ ವಾರದ ಮೊರೆ ಎಂಟನೇ ವಾರದಲ್ಲೇ ಕೇಳಿಸಿರಬಹುದು. ಕೋಣೆಗಳ ನಡುವಿನ ಗೋಡೆ ಏಳುವಾಗ ಅದನ್ನೂ ಲೆಕ್ಕಕ್ಕೆ ಹಿಡಿದಿರಬಹುದು. ತರ್ಕಕ್ಕೆ ಇದರಲ್ಲಿ ದೋಷವಿಲ್ಲ.

ಮರುದಿನ ಒಂಬತ್ತನೇ ತರಗತಿಗೆ ಹೋದೆ. ಎರಡನೇ ಬೆಂಚಿನಲ್ಲಿ ಒಬ್ಬ ಹುಡುಗಿ ಕೂಡುತ್ತಾಳೆ. ಹುಟ್ಟುವಾಗಲೇ ಹೃದಯದಲ್ಲಿ ತೂತಿತ್ತು, ಮೂರು ವರ್ಷದವಳಿದ್ದಾಗ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅವಳನ್ನು ಆಟದ ಪಿರಿಯಡ್ಡಿನಲ್ಲಿ ಹೆಚ್ಚು ಓಡಿಸಬೇಡಿರೆಂದು ಹೇಳಲು ಬಂದಿದ್ದ ತಾಯಿ ಒಮ್ಮೆ ಅಂದಿದ್ದರು: "ನಾನೂ ಹೊಟ್ಟಿಲಿದ್ದಾಗ ಭಾಳ ಬೇಡಿಕೊಂಡಿದ್ದೆ ನೋಡ್ರಿ ಅಕ್ಕೋರ." ಆಗ ಅದು ಕಿವಿಗೆ ಬಿದ್ದು ಹೋಗಿತ್ತು. ಈಗ ಎದೆಗೆ ಬಂತು. ನನ್ನ ಮೊರೆ ಕಾಲದಾಚೆ ಕೇಳಿಸಿ ನನ್ನ ಕೂಸಿನ ಹೃದಯ ಸರಿಯಾಯಿತೆಂದು ನಾನು ನಂಬಿದರೆ, ಆ ತಾಯಿಯ ಮೊರೆ ಎಲ್ಲಿ ಹೋಯಿತು? ಅವರ ಭಕ್ತಿ ಕಡಿಮೆ ಬಿತ್ತೆ? ಹಾಜರಿ ಹಾಕುತ್ತ ಆ ಹುಡುಗಿಯ ಹೆಸರು ಕರೆದಾಗ, ಅವಳು ಎದ್ದು "ಎಸ್ ಮಿಸ್" ಅಂದಾಗ, ನನ್ನ ಹಿಂದಿನ ರಾತ್ರಿಯ ಸಮಾಧಾನಕ್ಕೆ ನನಗೇ ನಾಚಿಕೆಯಾಯಿತು. ಇನ್ನೊಬ್ಬ ತಾಯಿಯನ್ನು ಸೋತವಳನ್ನಾಗಿ ಮಾಡುವ ನಂಬಿಕೆ ನನಗೆ ಬೇಡ.

ಅದೇ ದಿನ ಸ್ಟಾಫ್ ರೂಮಿನಲ್ಲಿ ಕೂತು ಗರ್ಭದ ರಕ್ತಸಂಚಾರದ ಪಾಠ ಮತ್ತೆ ಓದಿದೆ. ಗರ್ಭದಲ್ಲಿರುವ ಪ್ರತಿ ಕೂಸಿನ ಹೃದಯದಲ್ಲೂ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದೆ. ಶ್ವಾಸಕೋಶ ಇನ್ನೂ ಉಸಿರಾಡದ ಕಾರಣ ಸಾಕಷ್ಟು ರಕ್ತ ಆ ಕಿಂಡಿಯಿಂದ ಹಾಯುತ್ತದೆ. ಹುಟ್ಟಿ ಉಸಿರೆಳೆದ ಮೇಲೆ ಹೆಚ್ಚಿನವರಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಒಳಗಿದ್ದಾಗ ಬದುಕಿಸುವ ಬಾಗಿಲು, ಹೊರಬಂದ ಮೇಲೂ ತೆರೆದೇ ಉಳಿದರೆ ನಮ್ಮ ಬಾಯಲ್ಲಿ ತೂತು. ನಾನು, ನೀವು, ಆ ಹುಡುಗಿ, ಎಲ್ಲರೂ ಆ ಕಿಂಡಿಯಿದ್ದ ಹೃದಯದಿಂದಲೇ ಬಂದವರು.

ಹಳೆಯ ಶಾಸ್ತ್ರಗಳಲ್ಲೂ ತಡಕಾಡಿದೆ. ಸುಶ್ರುತಸಂಹಿತೆ ನಾಲ್ಕನೇ ತಿಂಗಳಿನ ಬಸುರಿಯನ್ನು ಎರಡು ಹೃದಯದವಳು ಅನ್ನುತ್ತದೆ. ಅವಳ ಬಯಕೆಗಳು ಒಳಗಿನ ಹೃದಯದ್ದೂ ಹೌದು, ಅದಕ್ಕೇ ತೀರಿಸಬೇಕು ಅನ್ನುತ್ತದೆ. ಐದನೆಯದರಲ್ಲಿ ಮನಸ್ಸು, ಆರರಲ್ಲಿ ಬುದ್ಧಿ. ಗರ್ಭೋಪನಿಷತ್ತು ಜೀವ ಕೂಡುವುದನ್ನು ಏಳನೇ ತಿಂಗಳಿಗೆ ಇಡುತ್ತದೆ. ಈ ತಿಂಗಳುಗಳ ಪಟ್ಟಿ ನನಗೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಎರಡು ಹೃದಯ ಎಂಬ ಮಾತು ಮಾತ್ರ ಹಿಡಿದುಕೊಂಡಿತು. ಬೇಡುತ್ತಿರುವುದು ಯಾವ ಹೃದಯ? ಒಳಗಿನದಕ್ಕೆ ತಾನು ಸರಿಯೋ ಅಲ್ಲವೋ ಎಂಬ ಚಿಂತೆ ಇಲ್ಲ, ಅದು ನಿಮಿಷಕ್ಕೆ 148 ಸಲ ತನ್ನ ಕೆಲಸ ಮಾಡುತ್ತಿದೆ. ಹೆದರಿಕೆ ಪೂರ್ತಿ ನನ್ನದು. ನಾನು ಬೇಡುತ್ತಿದ್ದುದು ಕೂಸಿಗಾಗಿ ಅಂದುಕೊಂಡಿದ್ದೆ. ನಾನು ಸಂಕಟಪಡದಿರಲಿ ಎಂಬುದೇ ಅದರಲ್ಲಿ ಹೆಚ್ಚಿತ್ತು.

ಐದನೇ ತಿಂಗಳ ಕುಬಸ ಮೊದಲೇ ಗೊತ್ತಾಗಿತ್ತು, ಗುರುವಾರ. ಮುಂದೂಡೋಣವೆಂದು ಇವರು ಅಂದರು. ಆಯಿ ಒಪ್ಪಲಿಲ್ಲ: "ಕೂಸು ಬಂದೈತಿ. ಬಂದವರಿಗೆ ಊಟಕ್ಕ ಹಾಕಾಕ ರಿಪೋರ್ಟ್ ಕಾಯತಾರೇನು?" ಅವ್ವ ತವರಿನ ಬುತ್ತಿ ಹೊತ್ತು ಬಂದಳು: ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ, ಕರ್ಚಿಕಾಯಿ, ಮೊಸರುಬುತ್ತಿ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಹಾಕಿ ಉಡಿ ತುಂಬಿದರು. ಒಬ್ಬಿಬ್ಬರು "ಗಂಡು ಹಡಿ" ಎಂದು ಹರಸಿದರು. ಆಯಿ ಅಷ್ಟೇ ಗಟ್ಟಿಯಾಗಿ "ಕೂಸು ಹಡಿ," ಅಂದರು. ಸ್ಕ್ಯಾನಿಂಗ್ ಕೋಣೆಯ ಗೋಡೆಯ ಬೋರ್ಡು ನೆನಪಾಯಿತು: ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ. 1994ರಲ್ಲಿ ಕಾನೂನು ಬರೆದು ನಿಲ್ಲಿಸಬೇಕಾದ ಕೇಳಿಕೆಯದು. ಒಂದು ಕೇಳಿಕೆ ಗಂಡೇ ಆಗಲಿ ಅನ್ನುತ್ತದೆ, ಇನ್ನೊಂದು ಸರಿಯಾದ ಹೃದಯವೇ ಆಗಲಿ ಅನ್ನುತ್ತದೆ. ಎರಡೂ ಒಂದೇ ತೂಕದವಲ್ಲ, ನನಗೆ ಗೊತ್ತು; ಕೂಸು ನೋಯದಿರಲೆಂಬ ಆಸೆ ಎರಡನೆಯದರಲ್ಲಿದೆ. ಆದರೂ ಆ ವಾರ ಎರಡರಲ್ಲೂ ಒಂದು ಷರತ್ತು ನನಗೆ ಕೇಳಿಸತೊಡಗಿತು: ಹೀಗಿದ್ದರೆ ಬಾ.

ನಮ್ಮ ಮನೆಯ ಲಿಂಗಾಯತ ರೂಢಿಯಲ್ಲಿ ಎಂಟನೇ ತಿಂಗಳಿಗೆ ಗರ್ಭಲಿಂಗಧಾರಣೆ. ಅಯ್ಯನವರು ಬಂದು ಕೂಸಿನ ಹೆಸರಿನಲ್ಲಿ ಒಂದು ಲಿಂಗವನ್ನು ತಾಯಿಯ ಮೈಮೇಲೆ ಕಟ್ಟುತ್ತಾರೆ, ಹುಟ್ಟಿದ ಮೇಲೆ ಅದು ಕೂಸಿಗೆ ಸಲ್ಲುತ್ತದೆ. ಜನನಕ್ಕೆ ಸೂತಕವಿಲ್ಲವೆಂದು 12ನೇ ಶತಮಾನದಲ್ಲೇ ಶರಣರು ಹೇಳಿದ ದಾರಿ ಇದು. ಈ ವಿಧಿಯನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಅದರ ಧೈರ್ಯ ಕಂಡದ್ದು ಈಗ. ಹೆಣ್ಣೋ ಗಂಡೋ ಗೊತ್ತಿಲ್ಲ, ಹೃದಯದ ಕೋಣೆ ಎಷ್ಟು ಗಟ್ಟಿಯೋ ಗೊತ್ತಿಲ್ಲ, ಬದುಕುತ್ತದೋ ಎಂಬುದಕ್ಕೂ ಖಾತ್ರಿಯಿಲ್ಲ; ಅಂಥ ಜೀವಕ್ಕೆ ಮೊದಲೇ ದೇವರನ್ನು ಕೊಟ್ಟುಬಿಡುತ್ತಾರೆ. ಪರೀಕ್ಷೆ ಮಾಡಿ ಕೊಡುವುದಲ್ಲ.

ಶುಕ್ರವಾರ ನಸುಕಿನಲ್ಲಿ ಆಯಿಯ ಪಕ್ಕ ಕೂತೆ. "ಏನಂತ ಬೇಡ್ಲಿ?" ಅಂದೆ. "ಬೇಡಬ್ಯಾಡ. ನೋಡು. ಅಳು ಬಂದ್ರ ಅಳು, ನೋಡೂದು ಬಿಡಬ್ಯಾಡ," ಅಂದರು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ನೋಡುತ್ತ ಕೂತೆ. ಅತ್ತೆ. ನಡುವೆ ಹೊಕ್ಕುಳಿನ ಕೆಳಗೆ ಮೀನು ಹೊರಳಿದ ಹಾಗೆ ಒಂದು ಸಣ್ಣ ಅಲುಗಾಟ; ಹಿಂದಿನ ವಾರವೂ ಆಗಿತ್ತು, ಆಗ ವಾಯು ಅಂದುಕೊಂಡಿದ್ದೆ. ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬಂದ ಮಾತು "ಹೇಗಿದ್ದರೂ ಬಾ" ಎಂಬುದು. ಅದನ್ನು ದೇವರಿಗೆ ಅಂದೆನೋ ಕೂಸಿಗೆ ಅಂದೆನೋ ಬಿಡಿಸಿ ಹೇಳಲಾರೆ. ಆದರೆ ಅದು ಆಗಿಹೋದದ್ದರ ಬಗೆಗಿನ ಬೇಡಿಕೆಯಾಗಿರಲಿಲ್ಲ. ಆಗಬೇಕಾದ್ದು ಇನ್ನೂ ನನ್ನ ಕಡೆಯಿಂದ ಬಾಕಿಯಿತ್ತು, ಅದು ಆಯಿತು.

ಸೋಮವಾರ ಮತ್ತೆ ಹೋದೆವು. ಕೂಸು ತಿರುಗಿತ್ತು. ಡಾಕ್ಟರು ಏನು ಕಂಡರೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಅದನ್ನೇ ಆ ನಸುಕಿನ ಪೂಜೆಗೆ ಸಿಕ್ಕ ಉತ್ತರವೆಂದು ತಿಳಿಯುತ್ತಾರೆ, ಆ ಎರಡನೇ ಬೆಂಚಿನ ಹುಡುಗಿಯ ತಾಯಿಯೂ ಇದನ್ನು ಓದಬಹುದು. ವರದಿ ತಾಯಿ ಕಾರ್ಡಿನ ಕವರಿನಲ್ಲಿದೆ. ಎಂಟನೇ ತಿಂಗಳಿಗೆ ಬರಲು ಅಯ್ಯನವರಿಗೆ ಹೇಳಿ ಬಂದಿದ್ದೇವೆ, ಕೂಸಿನ ಲಿಂಗ ಆಯಿಯ ಪೆಟ್ಟಿಗೆಯಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿಟ್ಟಿದೆ.