ಯಾವ ಕಡೆಯಿಂದ ಬಂತು?

‘ಇದೆ’ ಅನ್ನೋಕೆ ಎಷ್ಟು ಸಾಕ್ಷಿ ಬೇಕು? ಆಫೀಸಿನಲ್ಲಿ ಡ್ಯಾಶ್‌ಬೋರ್ಡಿನ ಗೆರೆ ಒಂಚೂರು ಮೇಲೇರಿದರೆ ಸಾಕು, ನಾವು ಕಾರಣವನ್ನೂ ಸೇರಿಸಿ ಘೋಷಿಸಿಬಿಡುತ್ತೇವೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಅಂಚಿನ ನಾಗರಹೊಳೆ ಕಾಡಿಗೆ ಈ ಪ್ರಶ್ನೆ ಹೊಸದಲ್ಲ. ದೇಶದಲ್ಲಿ ಬಹಳ ಕಾಲ ಹುಲಿಗಳನ್ನು ಹೆಜ್ಜೆಗುರುತಿನಿಂದ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಮರಳಲ್ಲಿ ಒಂಥರಾ, ಕೆಸರಲ್ಲಿ ಇನ್ನೊಂಥರಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಇಲ್ಲೇ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿದರು. ವ್ಯವಸ್ಥೆ ಅದನ್ನು ಒಪ್ಪುವಷ್ಟರಲ್ಲಿ, 2005ರ ಹೊತ್ತಿಗೆ, ರಾಜಸ್ಥಾನದ ಸರಿಸ್ಕಾದಲ್ಲಿ ಲೆಕ್ಕದೊಳಗಿದ್ದ ಹುಲಿಗಳು ಕಾಡಿನೊಳಗೆ ಒಂದೂ ಇರಲಿಲ್ಲ.

ಡಾರ್ಕ್ ಮ್ಯಾಟರ್ ಹುಡುಕೋರ ಪಾಡೂ ಇದೇ. ಅದರ ಕಣ ಪರಮಾಣುವಿನ ನ್ಯೂಕ್ಲಿಯಸ್ಸಿಗೆ ಡಿಕ್ಕಿ ಹೊಡೆದರೆ ನ್ಯೂಕ್ಲಿಯಸ್ ಚಿಮ್ಮುತ್ತದೆ. ಸುತ್ತಲ ಬಂಡೆಯಿಂದ ಬಂದ ನ್ಯೂಟ್ರಾನ್ ಹೊಡೆದರೂ ಹಾಗೇ ಚಿಮ್ಮುತ್ತದೆ. ಹೆಜ್ಜೆ ಒಂದೇ, ಪ್ರಾಣಿ ಬೇರೆ. ಬಿಡಿಸಿ ಹೇಳಬಲ್ಲದ್ದು ದಿಕ್ಕು. ಸೂರ್ಯ ನಮ್ಮನ್ನೆಲ್ಲ ಕಟ್ಟಿಕೊಂಡು ಸೆಕೆಂಡಿಗೆ ಸುಮಾರು 230 ಕಿ.ಮೀ. ವೇಗದಲ್ಲಿ ರಾಜಹಂಸ ನಕ್ಷತ್ರಪುಂಜದ ಕಡೆ ಓಡುತ್ತಿದ್ದಾನೆ. ಬೈಕಲ್ಲಿ ಹೋಗುವಾಗ ಗಾಳಿ ಮುಖಕ್ಕೆ ಹೊಡೆಯುವಂತೆ, ಡಾರ್ಕ್ ಮ್ಯಾಟರ್ ಆ ಕಡೆಯಿಂದಲೇ ಬೀಸಬೇಕು. ಗೋಡೆಯ ನ್ಯೂಟ್ರಾನಿಗೆ ಹಂಸದ ಹಂಗಿಲ್ಲ.

ಘನ, ದ್ರವಗಳಲ್ಲಿ ಆ ಗೆರೆ ಓದಲಾಗದಷ್ಟು ಚಿಕ್ಕದು. ಒತ್ತಡ ಇಳಿಸಿದ ಅನಿಲದಲ್ಲಿ ಮಿಲಿಮೀಟರಿನಷ್ಟು ಚಾಚುತ್ತೆ. ಇಂಗ್ಲೆಂಡಿನ ಬೌಲ್ಬಿ ಗಣಿಯಲ್ಲಿದ್ದ ‘ಡ್ರಿಫ್ಟ್’ ಉಪಕರಣ ಬಳಸಿದ್ದು ಇಂಥ ಅನಿಲವನ್ನೇ. ಒಂದು ಘನಮೀಟರ್ ಅನಿಲ ಕಾಲು ಕಿಲೋ ಕೂಡ ತೂಗದು. ಬೇರೆಯವರ ಬಳಿ ಟನ್ನುಗಟ್ಟಲೆ ದ್ರವ ಜೆನಾನ್! ಅಷ್ಟು ತೆಳುವಾದ ಬಲೆಗೆ ಏನಾದರೂ ಬೀಳೋ ಸಾಧ್ಯತೆಯೇ ಕಮ್ಮಿ. ಡ್ರಿಫ್ಟ್‌ಗೆ ಡಾರ್ಕ್ ಮ್ಯಾಟರ್ ಸಿಗಲೂ ಇಲ್ಲ. ದುಡ್ಡು ದಂಡ ಅನ್ನೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಸಿಕ್ಕಿದ್ದು ಏನೆಂದು ತಿಳಿಯೋದಕ್ಕಾಗಿ, ಸಿಗೋ ಅವಕಾಶವನ್ನೇ ಅವರು ಕಮ್ಮಿ ಮಾಡಿಕೊಂಡರಲ್ಲ, ಅದು ಬರೀ ತಂತ್ರಜ್ಞಾನದ ಆಯ್ಕೆ ಅಲ್ಲ, ನೀತಿಯದ್ದೂ ಹೌದು. ಟಾರ್ಗೆಟ್ ಬೆನ್ನಟ್ಟೋ ನಮಗೆ ಇದು ಕೊಂಚ ಕಸಿವಿಸಿ.

ನಮ್ಮ ಕೆಜಿಎಫ್ ಗಣಿಯಲ್ಲೂ ಅನಿಲ ತುಂಬಿದ ಕೊಳವೆಗಳಿದ್ದವು. 1980ರ ದಶಕದಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ಟಿಐಎಫ್‌ಆರ್ ಮತ್ತು ಜಪಾನಿನ ವಿಜ್ಞಾನಿಗಳು ಪ್ರೋಟಾನ್ ಒಡೆಯುವುದನ್ನು ಕಾಯುತ್ತಿದ್ದರು. ಕೆಲವು ಗೆರೆಗಳು ಅದೇ ಇರಬಹುದು ಅಂದರು. ಬೇರೆ ದೇಶಗಳ ದೊಡ್ಡ ಉಪಕರಣಗಳಿಗೆ ಅದು ಕಾಣಲಿಲ್ಲ. ‘ಇರಬಹುದು’ ಅಂದಿದ್ದಕ್ಕೆ ಪ್ರೋಟಾನಿಗೇನೂ ನಷ್ಟವಾಗಲಿಲ್ಲ. ಸರಿಸ್ಕಾದಲ್ಲಿ ‘ಇದೆ’ ಅಂತಲೇ ಬರೆದಿದ್ದರು.