ಗಿಣಿಗೆ ಹಾಕಿದ ಕಾಳು ಯಾರದು?

ಬೆಳಗಿನ ಚಹಾ ಮುಗಿಯುವ ಹೊತ್ತಿಗೆ ಮುಂಬಯಿಯ ಉಪನಗರಗಳ ಎಷ್ಟೋ ಕಿಟಕಿಗಳಿಗೆ ಗಿಣಿಗಳು ಬರುತ್ತವೆ. ನಾವು ಹಸಿ ಮೆಣಸಿನಕಾಯಿ, ನೆನೆಸಿದ ಕಡಲೆ, ಒಂದು ಹಿಡಿ ಜೋಳ ಇಟ್ಟು ಮಕ್ಕಳನ್ನು ಕರೆದು ತೋರಿಸುತ್ತೇವೆ. ಎದುರು ಕಟ್ಟಡದ ಗೋಡೆಯನ್ನೇ ನೋಡಿಕೊಂಡು ಬಾಳುವವರ ಬಳಿಗೆ ಅಷ್ಟು ಹಸಿರು ತಾನಾಗಿ ಬಂದು ಕೂತರೆ ಯಾರಿಗೆ ಬೇಡ? ಒಂದಿಷ್ಟು ಪುಣ್ಯ ಕಟ್ಟಿಕೊಂಡೆವೆಂಬ ಸಮಾಧಾನ ಬೇರೆ.

ಇದೇ ಗಿಣಿಯನ್ನು ಊರ ಹೊಲದಲ್ಲಿ ಕಂಡವರ ಅನುಭವವೇ ಬೇರೆ. ವಿಜಾಪುರ, ಗದಗಿನ ಕಡೆ ಹಿಂಗಾರಿ ಜೋಳ ಹಾಲುಗಾಳು ಕಟ್ಟಿದಾಗ, ನಾವು ಸೀತನಿಯ ಆಸೆಗೆ ರಜೆ ಹಾಕಿ ಹೋಗುವ ಆ ದಿನಗಳಲ್ಲೇ, ಗಿಣಿಗಳ ಹಿಂಡೂ ಇಳಿಯುತ್ತದೆ. ಹೊಲದ ನಡುವೆ ಅಟ್ಟ ಕಟ್ಟಿ, ಕವಣೆ ಬೀಸಿ, ಡಬ್ಬಿ ಬಡಿದು, ನಸುಕಿನಿಂದ ಹೊತ್ತು ಮುಳುಗುವ ತನಕ ಕೂಗಬೇಕು. ಎಷ್ಟೋ ಮನೆಗಳಲ್ಲಿ ಇದು ಹುಡುಗರ ಪಾಲಿಗೆ ಬಂದ ಕೆಲಸವಾಗಿತ್ತು. ಆ ದಿನಗಳಲ್ಲಿ ಶಾಲೆ ಇಲ್ಲ. ಗುಬ್ಬಿಯಾದರೆ ಕಾಳು ಹೆಕ್ಕಿ ತಿನ್ನುತ್ತದೆ. ಗಿಣಿ ಹಾಗಲ್ಲ, ಅರ್ಧ ತಿಂದು, ಅರ್ಧ ಕೆಡವಿ, ಮತ್ತೊಂದು ತೆನೆಗೆ ಹಾರುತ್ತದೆ. ಸೂರ್ಯಕಾಂತಿ, ಮೆಕ್ಕೆಜೋಳ, ಪೇರಲ, ದಾಳಿಂಬೆ ಯಾವುದನ್ನೂ ಬಿಡುವುದಿಲ್ಲ. ತಿನ್ನುವುದಕ್ಕಿಂತ ಹಾಳು ಮಾಡುವುದೇ ಹೆಚ್ಚೆಂದು ಹೇಳಿದವರು ನಮ್ಮ ಮುಂಬಯಿಯವರೇ ಆದ ಸಲೀಂ ಅಲಿ. ೧೯೪೧ರಲ್ಲಿ ಭಾರತದ ಹಕ್ಕಿಗಳ ಕುರಿತ ಪುಸ್ತಕ ಬರೆದು, ಬಾಳೆಲ್ಲ ಹಕ್ಕಿಗಳಿಗಾಗಿ ಸವೆಸಿದವರ ಮಾತು ಅದು; ಹಕ್ಕಿಯ ವೈರಿಯದಲ್ಲ. ಅದರಲ್ಲೂ ಪೆಟ್ಟು ಬೀಳುವುದು ಸಣ್ಣ ಹಿಡುವಳಿದಾರನಿಗೆ. ಸುತ್ತಲಿನವರ ಹೊಲಕ್ಕಿಂತ ನಾಲ್ಕು ದಿನ ಮೊದಲೇ ಅವನ ಎರಡೆಕರೆ ಮಾಗಿತೋ, ಸೀಮೆಯ ಗಿಣಿಗಳೆಲ್ಲ ಅಲ್ಲಿಗೇ!

ಗಿಣಿಯನ್ನು ಕೊಲ್ಲುವಂತಿಲ್ಲ, ಹಿಡಿಯುವಂತಿಲ್ಲ, ಸಾಕುವಂತೆಯೂ ಇಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯದೆಗೆ ೨೦೨೨ರಲ್ಲಿ ಆದ ತಿದ್ದುಪಡಿಯಲ್ಲಿ ಅದನ್ನು ಎರಡನೆಯ ಅನುಸೂಚಿಗೆ ಸೇರಿಸಲಾಗಿದೆ. ಇದು ಸರಿಯೆಂದೇ ನಮ್ಮ ಮತ. ಮರದ ಪೊಟರೆಯಿಂದ ಮರಿಗಳನ್ನು ಕಿತ್ತು ತಂದು, ರೆಕ್ಕೆ ಕತ್ತರಿಸಿ ಮಾರುವ ದಂಧೆಯನ್ನು ಬಲ್ಲವರಾರೂ ಬೇರೆ ಮಾತು ಆಡಲಾರರು.

ಆದರೆ ದಯೆಯ ಲೆಕ್ಕ ಅಲ್ಲಿಗೆ ಮುಗಿಯಿತೇ? ಮಹಾರಾಷ್ಟ್ರದಲ್ಲಿ ನೆಲೆಸಿದ ನಾವೆಲ್ಲ ಕೇಳಿದ ತುಕಾರಾಮರ ಕಥೆಯೊಂದಿದೆ. ಯಾರದೋ ಹೊಲದ ಕಾವಲಿಗೆ ಕೂತ ತುಕಾರಾಮರು ಹಕ್ಕಿಗಳನ್ನು ಓಡಿಸಲಿಲ್ಲ. ಹಸಿದ ಜೀವಗಳು ತಿನ್ನಲಿ ಎಂದರು. ಕೀರ್ತನೆಯಲ್ಲಿ ಇಲ್ಲಿಗೆ ಬರುವಾಗ ನಮ್ಮ ಕಣ್ಣು ತುಂಬುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹೊಲದ ಒಡೆಯ ಪಂಚರ ಮುಂದೆ ದೂರು ಒಯ್ದ, ಪಂಚರು ನಷ್ಟ ತುಂಬಿಕೊಡಬೇಕೆಂದರು, ಕೊನೆಗೆ ವಿಠ್ಠಲನ ಕೃಪೆಯಿಂದ ಹೊಲದಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಕಾಳು ಬಂತು. ಸಂತನ ದಯೆ ದೊಡ್ಡದು; ಆದರೆ ಕಾಳು ಇನ್ನೊಬ್ಬನದು. ಕಥೆ ಹೇಳಿದವರು ಇದನ್ನು ಮರೆಯಲಿಲ್ಲ, ಒಡೆಯನನ್ನು ದುಷ್ಟನೆಂದು ತಳ್ಳಿಹಾಕಲೂ ಇಲ್ಲ.

ಕಾಡು ಕಡಿದವರು ನಾವು, ಗಿಣಿ ಎಲ್ಲಿಗೆ ಹೋಗಬೇಕು ಎನ್ನುವವರಿದ್ದಾರೆ. ಈ ಮಾತು ಬೇರೆ ಪ್ರಾಣಿಗಳಿಗೆ ಸಲ್ಲಬಹುದು. ಗಿಣಿಯಂತೂ ಹೊಲ, ತೋಟ, ಊರುಗಳ ಆಸರೆಯಲ್ಲೇ ಬೆಳೆದ ಹಕ್ಕಿ. ಕಾಡು ಉಳಿದಿದ್ದರೂ ಜೋಳಕ್ಕೆ ಬರುತ್ತಿತ್ತು.

ಊರಿಂದ ತಮ್ಮ ಫೋನು ಮಾಡಿ, 'ಈ ಸಲ ಗಿಣಿ ಭಾಳ' ಎಂದಾಗ, 'ಹೋಗಲಿ ಬಿಡು, ಮೂಕ ಜೀವ, ಎಷ್ಟು ತಿಂದೀತು?' ಎಂದವರು ನಾವೇ. ಅಷ್ಟು ಹೇಳಲು ನಮಗೆ ಏನೂ ಖರ್ಚಾಗಲಿಲ್ಲ. ಬಲೆಯ ದುಡ್ಡು, ಕಾವಲಿನ ಕೂಲಿ ಅವನ ಕೈಯದು. ಮಿಂಚುವ ಪಟ್ಟಿ ಕಟ್ಟಿದರೆ ನಾಲ್ಕು ದಿನ ಬೆದರಿ, ಐದನೆಯ ದಿನ ಅದರ ಮೇಲೇ ಕೂರುತ್ತವೆಯಂತೆ. ಎಲ್ಲರ ಹೆಸರಿನಲ್ಲಿ ಕಾಯುವ ಹಕ್ಕಿಗೆ ಒಬ್ಬನೇ ಏಕೆ ಉಣಿಸಬೇಕು? ಸರಕಾರ ಕೊಡಲಿ ಎಂದು ನಾವೂ ಹೇಳುತ್ತೇವೆ. ಆದರೆ ಊರ ಹೊಲದಲ್ಲಿ ನಮ್ಮದೂ ಒಂದು ಪಾಲಿದೆ, ವರ್ಷಕ್ಕೊಂದು ಚೀಲ ಜೋಳ ತಪ್ಪದೆ ಬರುತ್ತದೆ. ಈ ವರ್ಷ ಚೀಲ ಬಂದಾಗ ಬಲೆಗೆ ಎಷ್ಟಾಯಿತೆಂದು ಕೇಳಿ, ಅರ್ಧ ಕಳಿಸಿದೆವು. ಕಿಟಕಿಗೆ ಕಾಳು ಇಡುವುದನ್ನು ಮಾತ್ರ ಬಿಟ್ಟಿಲ್ಲ, ಮಕ್ಕಳು ಬಿಡಗೊಡುವುದಿಲ್ಲ.