ಸವೆಯದ ಕೈಚೀಲ

2025ರ ಜುಲೈಯಲ್ಲಿ ಪ್ಯಾರಿಸ್‌ನ ಸೋಥೆಬೀಸ್ ಹರಾಜಿನಲ್ಲಿ ನಟಿ, ಗಾಯಕಿ ಜೇನ್ ಬರ್ಕಿನ್ ಬಳಸಿದ್ದ ಕಪ್ಪು ಚರ್ಮದ ಕೈಚೀಲವೊಂದು 85 ಲಕ್ಷ ಯೂರೋಗಳಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು. ದೂರವಾಣಿ, ಅಂತರಜಾಲಗಳ ಮೂಲಕವೂ ಜನರು ಪೈಪೋಟಿಗಿಳಿದಿದ್ದರು. ಅದು ಗೀರುಬಿದ್ದ, ಅಂಟುಚೀಟಿಗಳ ಕಲೆಯುಳಿದ ಚೀಲ. ಏಡ್ಸ್ ವಿರುದ್ಧದ ಸೇವಾಕಾರ್ಯಕ್ಕೆ ಹಣ ಒದಗಲೆಂದು ಆಕೆ ಅದನ್ನು 1994ರಲ್ಲೇ ಬಿಟ್ಟುಕೊಟ್ಟಿದ್ದರು.

ಹಳೆಯ ವಸ್ತುವಿನ ಚೆಲುವನ್ನು ಮೆಚ್ಚಿ ಕೊಳ್ಳುವುದು ಪಾಪವಲ್ಲ. ಕುಶಲಕರ್ಮಿಯ ಕೈಗೆ ಅದು ಸಲ್ಲಬೇಕಾದ ಗೌರವ. ಆದರೆ ಹರಾಜಿನ ಕೊನೆಯ ನಿಮಿಷಗಳಲ್ಲಿ ನಮ್ಮ ಬೆರಳನ್ನು ಮುಂದೂಡುವುದು ಆ ಮೆಚ್ಚುಗೆಯೋ, ಇನ್ನೊಬ್ಬರಿಗೆ ದಕ್ಕಬಾರದೆಂಬ ಹಟವೋ? ಲೂಕನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಪ್ರಭು ಯೇಸು, ಸವೆಯದ ಚೀಲದ ಮಾತನ್ನು ದಾನದೊಡನೆಯೇ ಜೋಡಿಸಿದರು. ಮುಂದಿನ ಸಲ ಬೆಲೆ ಏರಿಸುವ ಮುನ್ನ, ನಮ್ಮ ಕಪಾಟಿನಲ್ಲಿರುವ ಯಾವುದನ್ನು ಸಂತೋಷದಿಂದ ಬಿಟ್ಟುಕೊಡಬಲ್ಲೆವೆಂದು ಯೋಚಿಸೋಣ.